ಇಪ್ಪತ್ತೇಳನೇ ಮರದ ಮರಕುಟಿಗ

ಮಾರ್ಚ್ ಹದಿನೇಳು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಮರಕುಟಿಗ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಕಾಂಡದ ಉತ್ತರ ಮಗ್ಗುಲಿಗೆ ಬಂದು ಕೂತಿತು ಎಂದು ಅವನು ಪುಸ್ತಕದಲ್ಲಿ ಬರೆದುಕೊಂಡ. ಬರೆದ ಮೇಲೆ ಕೂತಿತು ಎಂಬ ಮಾತು ಸರಿಯಲ್ಲ ಅನ್ನಿಸಿತು. ಮರಕುಟಿಗ ಕೂರುವುದಿಲ್ಲ, ಬಾಲದ ಬಿರುಸು ಗರಿಗಳನ್ನು ಮೂರನೇ ಕಾಲಿನ ಹಾಗೆ ತೊಗಟೆಗೆ ಊರಿಕೊಂಡು ನಿಲ್ಲುತ್ತದೆ. ಆ ಪದವನ್ನು ಹೊಡೆದು ಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ 'ನಿಂತಿತು' ಎಂದು ತಿದ್ದಿದ. ಇಂಥ ತಿದ್ದುಪಡಿಗಳು ಅವನಿಗೆ ಅರ್ಧ ನಿಮಿಷದ ನೆಮ್ಮದಿ ಕೊಡುತ್ತಿದ್ದವು. ಅರ್ಧ ನಿಮಿಷ ಮುಗಿದ ಕೂಡಲೇ ಅವನ ಕಣ್ಣು ಹಕ್ಕಿಯಿಂದ ಜಾರಿ ಕಾಂಡದ ಬುಡಕ್ಕೆ, ಬುಡದಿಂದ ಆರು ಹೆಜ್ಜೆ ಈಚೆಗಿದ್ದ ಕಲ್ಲು ಬೆಂಚಿಗೆ, ಬೆಂಚಿನ ಮೇಲೆ ಕಾಲು ಚಾಚಿ ಕೂತು ಹಳದಿ ಉಣ್ಣೆಯಲ್ಲಿ ಅಂಗೈಯಷ್ಟು ಅಗಲದ ಅಂಗಿ ಹೆಣೆಯುತ್ತಿದ್ದ ಅಕ್ಕನ ತಲೆಯ ಮೇಲೆ ಬಂದು ನಿಲ್ಲುತ್ತಿತ್ತು. ಅಕ್ಕನ ಬೈತಲೆಗೆ ನೇರ ಮೇಲೆ, ಹನ್ನೆರಡು ಮೀಟರ್ ಎತ್ತರದಲ್ಲಿ, ಒಂದೇ ಒಂದು ದಪ್ಪ ಕೊಂಬೆ ಆಸ್ಪತ್ರೆಯ ಕಡೆಗೆ ಕೈ ನೀಡಿದ ಹಾಗೆ ಚಾಚಿಕೊಂಡಿತ್ತು.

"ಏನೋ ಮರದ ಡಾಕ್ಟ್ರೇ, ಅಕ್ಕನ್ನ ನೋಡೋಕೆ ಬರ್ತೀಯೋ ಹಕ್ಕಿ ನೋಡೋಕೆ ಬರ್ತೀಯೋ?" ಅಂದಳು ಅಕ್ಕ. ಅವಳು ಅವನ ಬಲಗಡೆಗಿದ್ದಳು, ಮುಖ ಕಾಣುತ್ತಿತ್ತು. ಆದ್ದರಿಂದ ಮಾತು ಪೂರ್ತಿ ಸಿಕ್ಕಿತು. ಅವನು ಊಟದ ಡಬ್ಬಿಯನ್ನು ಅವಳ ಪಕ್ಕಕ್ಕೆ ಸರಿಸಿ ನಕ್ಕ. ಒಂಬತ್ತು ದಿನದಿಂದ ಅಕ್ಕನ ಮಗಳು ಎರಡನೇ ಮಹಡಿಯ ವಾರ್ಡಿನಲ್ಲಿ ಮಲಗಿದ್ದಾಳೆ. ಏಳು ತಿಂಗಳ ಬಸುರಿ. ಏಳಬಾರದು, ನಡೆಯಬಾರದು, ಮಗ್ಗುಲು ಬದಲಿಸುವಾಗಲೂ ನರ್ಸನ್ನು ಕರೆಯಬೇಕು. ಮನೆಯವರಿಗೆ ಒಳಗೆ ಪ್ರವೇಶ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ. ಉಳಿದ ಹೊತ್ತೆಲ್ಲ ಅಕ್ಕ ಈ ಬೆಂಚಿನ ಮೇಲೆ. ಏಕೆಂದರೆ ಈ ಬೆಂಚಿನಿಂದ, ಇದೊಂದೇ ಬೆಂಚಿನಿಂದ, ಮಗಳ ಹಾಸಿಗೆಯ ಪಕ್ಕದ ಕಿಟಕಿ ಕಾಣುತ್ತದೆ. ಗಂಟೆಗೊಂದು ಸಲ ಮಗಳು ಕೈ ಎತ್ತಿ ಪರದೆಯನ್ನು ಒಮ್ಮೆ ಜಗ್ಗಿ ಬಿಡುತ್ತಾಳೆ. ಇದ್ದೀನಿ ಅಂತ. ಅಕ್ಕ ಹೆಣಿಗೆಯ ಕಡ್ಡಿ ಮೇಲೆತ್ತಿ ತೋರಿಸುತ್ತಾಳೆ. ಕಂಡೆ ಅಂತ.

"ಅಕ್ಕ, ಆ ಕಡೆ ಕೂರೋಣ ಬಾ. ಔಷಧಿ ಅಂಗಡಿ ಮುಂದೆ ನೆರಳಿದೆ."

"ಅಲ್ಲಿಂದ ಕಿಟಕಿ ಕಾಣುತ್ತಾ?"

"ಕಾಣಲ್ಲ."

"ಮತ್ತೆ ಬಾಯಿ ಮುಚ್ಕೊಂಡು ಮೊಟ್ಟೆ ಸುಲಿ. ದಿನಾ ಒಂದೇ ರಾಗ. ಈ ಮರಕ್ಕೇನು ನನ್ನ ಮೇಲೆ ಹಗೆ ಇದೆಯಾ?"

ಹಗೆ ಎಂಬ ಪದ ಅವನಿಗೆ ಕೇಳಿಸಲಿಲ್ಲ, ತುಟಿಯಲ್ಲಿ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಕೂಡಲೇ ಮರದ ಕಡೆಗೆ ತಿರುಗಿ, ಕಾಂಡಕ್ಕೆ ಹೊಡೆದಿದ್ದ ತಗಡಿನ ಬಿಲ್ಲೆಯನ್ನು ನೋಡಿದ. ಇಪ್ಪತ್ತೇಳು. ಅದನ್ನು ಹೊಡೆದವನು ಅವನೇ. ಫೆಬ್ರವರಿ ಐದು, ಗುರುವಾರ. ಅವನು ಕೆಲಸ ಮಾಡುವ ನಗರಸಭೆಯ ಮರ ವಿಭಾಗದ ದಾಖಲೆಯಲ್ಲಿ ಬಿಲ್ಲೆಯ ನಂಬರಿನ ಮುಂದೆ ಸುತ್ತಳತೆ ಎರಡು ಮೀಟರ್ ಎಂಬತ್ತಮೂರು ಸೆಂಟಿಮೀಟರ್, ಬಡಿತದ ಫಲಿತಾಂಶ ಗಟ್ಟಿ, ಕೆಳಗೆ ಅವನ ಸಹಿ. ಸಹಿಯ ಬಾಲ ಯಾವಾಗಲೂ ಮುಂದಿನ ಸಾಲಿಗೆ ಇಳಿಯುತ್ತಿತ್ತು. ಆ ದಿನ ಮಾತ್ರ ಚಿಕ್ಕದಾಗಿ, ಮುದುಡಿಕೊಂಡು ಬಿದ್ದಿತ್ತು.

ಮೊದಲ ದಿನ ಹಕ್ಕಿ ಬಂದಾಗ ಅವನು ಹೆದರಿರಲಿಲ್ಲ. ಪ್ರಾಣಿಶಾಸ್ತ್ರ ಓದಿದವನು, ಕಾಲೇಜಿನ ಕೊನೆಯ ವರ್ಷ ಇಡೀ ಚಳಿಗಾಲ ಕಾಡಂಚಿನಲ್ಲಿ ಕೂತು, ಅರ್ಧ ನಿಮಿಷಕ್ಕೊಂದು ಸಲ ಗಡಿಯಾರ ನೋಡಿ, ಮರಕುಟಿಗ ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂದು ಗುರುತು ಹಾಕಿದವನು. ಹೆಕ್ಕುವುದು, ತೊಗಟೆ ಎಬ್ಬಿಸುವುದು, ನಾಲಗೆ ತೂರಿಸುವುದು, ಕೊರೆಯುವುದು. ನಾಲ್ಕೇ ಕಲಂ. ಹೆಕ್ಕುತ್ತಿದ್ದರೆ ತೊಗಟೆಯ ಮೇಲೆ ಹರಿದಾಡುವ ಇರುವೆ, ಜೇಡ. ಮರಕ್ಕೆ ಅದರಿಂದ ಏನೂ ಇಲ್ಲ, ಯಾವ ಮರದ ಮೇಲೆ ಇರುವೆ ಹರಿಯುವುದಿಲ್ಲ? ತೊಗಟೆ ಎಬ್ಬಿಸುತ್ತಿದ್ದರೆ ಅದರಡಿಯ ಜೀರುಂಡೆ ಮರಿಗಳು. ಅದೂ ಸಹಿಸಬಹುದಾದದ್ದೇ. ಹಣ್ಣಿನ ಕಾಲದಲ್ಲಿ ಹಣ್ಣನ್ನೂ ತಿನ್ನುತ್ತದೆ, ಕೆಲವು ಜಾತಿಯವು ಮರದ ರಸವನ್ನೂ ಹೀರುತ್ತವೆ, ಪಾಪದ ಹಕ್ಕಿ, ಸಿಕ್ಕಿದ್ದು ತಿನ್ನುತ್ತದೆ. ಹೀಗೆ ಮೊದಲ ಎರಡು ದಿನ ಅವನು ಅಕ್ಕನಿಗೆ ವಿವರಿಸಿದ್ದ, ನಿಜವಾಗಿ ತನಗೆ ತಾನೇ ವಿವರಿಸಿಕೊಂಡಿದ್ದ. ಆ ಎರಡು ದಿನ ಕಲಂಗಳಲ್ಲಿ ಹೆಕ್ಕುವುದೇ ತುಂಬಿತ್ತು. ಮೂರನೆಯ ದಿನ ತೊಗಟೆ ಎಬ್ಬಿಸುವುದು ಸೇರಿತು. ಐದನೆಯ ದಿನದಿಂದ ಹಕ್ಕಿ ಕಾಂಡವನ್ನು ಸುತ್ತುವುದನ್ನು ಬಿಟ್ಟಿತು. ನೇರ ಬಂದು ಉತ್ತರ ಮಗ್ಗುಲಿನ ಅದೇ ಜಾಗದಲ್ಲಿ ಬಾಲ ಊರುತ್ತದೆ, ಕೊಕ್ಕಿನಿಂದ ಹಗುರಾಗಿ ಎರಡು ಸಲ ತಟ್ಟುತ್ತದೆ, ಒಂದು ಗೇಣು ಸರಿಯುತ್ತದೆ, ಮತ್ತೆ ತಟ್ಟುತ್ತದೆ, ತಲೆ ಓರೆ ಮಾಡುತ್ತದೆ. ಆಮೇಲೆ ಕೊರೆಯುತ್ತದೆ. ಮರದ ಒಳಗೆ ಇರುವೆಗಳು ಗೂಡು ಮಾಡಿಕೊಂಡಿರುವ ಕಡೆ ಮಾತ್ರ ಹಕ್ಕಿ ಹಾಗೆ ಮೈಮುರಿದು ಕೊರೆಯುತ್ತದೆ. ಅಂಥ ಇರುವೆಗಳು ಗಟ್ಟಿ ಮರದಲ್ಲಿ ಮನೆ ಮಾಡುವುದಿಲ್ಲ. ಒಳಗೆ ಕೊಳೆತು ಮೆತ್ತಗಾದ ಮರದಲ್ಲಿ ಮಾಡುತ್ತವೆ.

ಹನ್ನೊಂದು ಹದಿನಾಲ್ಕು. ತಟ್ಟಿತು. ತಲೆ ಓರೆ ಮಾಡಿತು. ಅವನೂ ತನಗರಿವಿಲ್ಲದೆ ತಲೆ ಓರೆ ಮಾಡಿದ. ಹಕ್ಕಿಯ ಕೆಂಪು ಜುಟ್ಟು ಹಿಂದೆ ಹೋಗಿ ಮುಂದೆ ಬರುತ್ತಿತ್ತು, ಹಿಂದೆ, ಮುಂದೆ, ತೊಗಟೆಯ ಚೂರು ಹಾರುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಯಾರೋ ಗಾಜಿನ ಆಚೆ ಸುತ್ತಿಗೆ ಬೀಸುತ್ತಿರುವ ಹಾಗೆ. ಅವನ ಕಿವಿಯಲ್ಲಿದ್ದದ್ದು ಮೂರು ವರ್ಷದಿಂದ ಒಂದೇ ಸದ್ದು, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ನಿಲ್ಲದೆ ಓಡುತ್ತಿರುವಂಥ ಗುಂಯ್. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಧ್ವನಿ ಇತ್ತು, ಧ್ವನಿಗಳ ನಡುವಿನ ಭೇದ ಇರಲಿಲ್ಲ. ಮರ ಬಡಿದರೆ ಬಡಿದದ್ದು ಕೇಳುತ್ತದೆ. ಗಟ್ಟಿ ಮರದ ಬಿಗಿಯಾದ ಧಟ್ ಎಂಬುದಕ್ಕೂ ಟೊಳ್ಳು ಮರದ ಧೊಪ್ ಎಂಬುದಕ್ಕೂ ಇರುವ ಕೂದಲೆಳೆಯ ಅಂತರವನ್ನು ಗಿರಣಿ ನುಂಗಿಬಿಡುತ್ತದೆ. ಹತ್ತೊಂಬತ್ತು ವರ್ಷ ಆ ಕೂದಲೆಳೆಯಿಂದಲೇ ಸಂಬಳ ಪಡೆದವನು ಅವನು. ಹಕ್ಕಿಯದೂ ಅದೇ ಕಸುಬು, ಬಡಿದು ಕೇಳುವುದು. ಹಕ್ಕಿಗೆ ತಪ್ಪು ಕೇಳಿಸಿದರೆ ಹಕ್ಕಿಯ ಹೊಟ್ಟೆ ಖಾಲಿ. ಅವನಿಗೆ ತಪ್ಪು ಕೇಳಿಸಿದರೆ, ಎಂದು ಶುರುವಾದ ವಾಕ್ಯವನ್ನು ಅವನು ದಿನಕ್ಕೆ ಎಷ್ಟು ಸಲ ಅರ್ಧಕ್ಕೇ ಬಿಟ್ಟಿದ್ದನೋ.

ಅವನನ್ನು ಉಳಿಸಿದ್ದು ಬರೆಯುವಾಕೆಯ ಹುಬ್ಬು. ಮರ ವಿಭಾಗದಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಮರದ ಸುತ್ತಿಗೆಯಿಂದ ಕಾಂಡವನ್ನು ಎಂಟು ಕಡೆ ಬಡಿದು ಫಲಿತಾಂಶ ಕೂಗುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಅವನ ಜೊತೆಯಾಕೆ ಎರಡು ವರ್ಷದ ಹಿಂದೆ ಬಂದವಳು, ಮೂವತ್ತರ ಆಸುಪಾಸು, ಮಾತು ಕಡಿಮೆ. ಬಂದ ಎರಡನೇ ವಾರವೇ ಅವನು ಗಮನಿಸಿದ್ದ. ಟೊಳ್ಳು ಸದ್ದು ಬಂದಾಗ ಅವಳ ಎಡ ಹುಬ್ಬು ಒಂದು ಕಾಳಿನಷ್ಟು ಮೇಲೇರುತ್ತಿತ್ತು. ಅವಳಿಗೇ ಗೊತ್ತಿಲ್ಲದ ಹಾಗೆ, ಎಂದು ಅವನು ನಂಬಿಕೊಂಡಿದ್ದ. ಆಮೇಲೆ ಅವನು ಮರ ನೋಡುವುದನ್ನು ಬಿಟ್ಟ. ಬಡಿಯುವಾಗ ಅವಳ ಮುಖಕ್ಕೆ ಎದುರಾಗಿ ನಿಲ್ಲುವಂತೆ ಜಾಗ ಹಿಡಿಯುತ್ತಿದ್ದ, ಹುಬ್ಬು ಏರಿದರೆ ಟೊಳ್ಳು, ಏರದಿದ್ದರೆ ಗಟ್ಟಿ. ಎರಡು ವರ್ಷ ಒಂದೂ ತಪ್ಪಾಗಿರಲಿಲ್ಲ. ಇಡೀ ವಿಭಾಗದಲ್ಲಿ ಅವನ ಕಿವಿಗೆ ಸಾಟಿಯಿಲ್ಲ ಎಂದು ಸಾಹೇಬರು ಹೊಸಬರಿಗೆ ಹೇಳುತ್ತಿದ್ದರು. ಆ ಹೊಗಳಿಕೆ ಕೇಳುವಾಗ ಬೆನ್ನಿನ ಮೇಲೆ ತಣ್ಣನೆಯ ಹುಳು ಹರಿದಂತಾಗುತ್ತಿತ್ತು. ಹಾಗಾದರೂ ಮುಖ ನಗುತ್ತಿತ್ತು.

ಫೆಬ್ರವರಿ ನಾಲ್ಕರ ಸಂಜೆ ಕಚೇರಿಯಲ್ಲಿ ಎಲ್ಲರ ಎದುರಿಗೆ ಅವಳು ಅವನಿಗೆ ಅಂದಿದ್ದಳು, "ಸಾರ್, ಆ ಮೂಲೆ ಮರ ಇನ್ನೊಂದ್ಸಲ ಬಡೀಬೇಕಿತ್ತೇನೋ." ಸುಮ್ಮನೆ, ಕೆಲಸದ ಮಾತಾಗಿ. ಸಾಹೇಬರು ಪೇಪರಿನಿಂದ ತಲೆಯೆತ್ತಿದರು. ಅವರು ತಲೆಯೆತ್ತಿದ್ದೇ ಸಾಕಾಯಿತು. ಬೇಟೆಗಾರ ತಿರುಗಿದ ಕೂಡಲೇ ಹೊದರಿನಿಂದ ತಾನಾಗಿ ಹಾರಿ ಸಿಕ್ಕಿಬೀಳುವ ಕೌಜುಗದಂತೆ ಅವನು ಎದ್ದು ಹೇಳಿಬಿಟ್ಟಿದ್ದ: "ಬಡಿಯೋರು ಬಡೀಲಿ, ಬರೆಯೋರು ಬರೀಲಿ. ಕಿವಿ ನಂದು, ಪೆನ್ನು ನಿಂದು. ಅದಲುಬದಲು ಮಾಡ್ಕೊಂಡ್ರೆ ಇಬ್ರಿಗೂ ಕೆಲಸ ಹೋಗುತ್ತೆ." ಕೋಣೆ ನಕ್ಕಿತು. ಸಾಹೇಬರೂ ನಕ್ಕರು. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮರುದಿನ ಬೆಳಗ್ಗೆ ಆಸ್ಪತ್ರೆಯ ಅಂಗಳ. ಇಪ್ಪತ್ತೇಳನೇ ಮರ. ಎಂಟು ಕಡೆ ಬಡಿದ. ಉತ್ತರ ಮಗ್ಗುಲಲ್ಲಿ ಬಡಿದು ಅವಳ ಮುಖ ನೋಡಿದ. ಮುಖ ಮುಚ್ಚಿದ ಕಿಟಕಿಯಂತಿತ್ತು. ಇನ್ನೊಮ್ಮೆ ಬಡಿದ. ಹುಬ್ಬು ಮಿಸುಕಲಿಲ್ಲ. ಮೂರನೆಯ ಸಲ ಬಡಿದರೆ ಅನುಮಾನ ಬಂದೀತು ಎಂದು "ಗಟ್ಟಿ" ಎಂದು ಕೂಗಿದ. ತನ್ನ ದನಿ ಎಷ್ಟು ಜೋರಾಗಿತ್ತೋ ಅವನಿಗೆ ಅಂದಾಜಿರಲಿಲ್ಲ. ಕಾವಲುಗಾರ ಗೇಟಿನಿಂದ ತಿರುಗಿ ನೋಡಿದ್ದ.

ಈಗ ಗಾಳಿ ಎದ್ದಿತು. ಗಾಳಿ ಬಂದದ್ದು ಅವನಿಗೆ ಗೊತ್ತಾಗುವುದು ಸದ್ದಿನಿಂದಲ್ಲ, ಅಕ್ಕನ ಉಣ್ಣೆಯ ಎಳೆ ಬೆಂಚಿನಿಂದ ಜಾರಿ ಉಂಡೆಯ ಸಮೇತ ಉರುಳಿದ್ದರಿಂದ. ಅವನು ಉಂಡೆ ಹೆಕ್ಕಲು ಬಗ್ಗಿದ. ಉಂಡೆ ಹೋಗಿ ನಿಂತದ್ದು ಮರದ ಬುಡದಲ್ಲಿ. ಎಂಟು ದಿನ ಅವನು ಬುಡದ ಇಷ್ಟು ಹತ್ತಿರಕ್ಕೆ ಬಂದಿರಲಿಲ್ಲ, ಆರು ಹೆಜ್ಜೆ ದೂರದಿಂದಲೇ ಬರೆದುಕೊಂಡಿದ್ದ, ದೂರದಿಂದ ನೋಡುವುದೇ ಶಾಸ್ತ್ರ ಎಂಬಂತೆ. ಬುಡದಲ್ಲಿ ಹಕ್ಕಿ ಉದುರಿಸಿದ ಚೂರುಗಳ ಸಣ್ಣ ರಾಶಿ ಇತ್ತು. ಮೇಲಿನವು ಗಾಳಿಗೆ ಹೊರಳುತ್ತಿದ್ದವು. ಒಂದನ್ನು ಎತ್ತಿಕೊಂಡ. ಗಟ್ಟಿ ಮರದ ಚೂರು ಬೆಳ್ಳಗಿರುತ್ತದೆ, ಉದ್ದಕ್ಕೆ ಸೀಳುತ್ತದೆ. ಇದು ಕಂದು, ಹಳೆಯ ಬೆಲ್ಲದ ಬಣ್ಣ, ಚೌಕ ಚೌಕ ಒಡೆದಿತ್ತು. ಎರಡು ಬೆರಳ ನಡುವೆ ಒತ್ತಿದರೆ ಪುಡಿಯಾಯಿತು. ತಲೆಯೆತ್ತಿದ. ಹಕ್ಕಿ ಹಾರಿಹೋಗಿರಲಿಲ್ಲ. ಕೈಯಳತೆಯಷ್ಟು ಹತ್ತಿರದಲ್ಲಿ, ಅವನನ್ನು ಲೆಕ್ಕಕ್ಕೇ ಇಡದೆ, ತೂತಿನೊಳಗೆ ಕೊಕ್ಕು ಇಟ್ಟುಕೊಂಡಿತ್ತು. ಕೊಕ್ಕು ಹೊರಗೆ ಬಂದಿತು, ಅದರ ಹಿಂದೆ ನಾಲಗೆ ಬಂದಿತು, ಬರುತ್ತಲೇ ಇತ್ತು, ಕೊಕ್ಕಿಗಿಂತ ಉದ್ದದ, ಅಂಟಂಟಾದ ದಾರ. ದಾರದ ತುಂಬ ಕಪ್ಪು ಇರುವೆ, ಅವುಗಳ ನಡುವೆ ಅಕ್ಕಿಕಾಳಿನಂಥ ಬಿಳಿಯ ಕೋಶಗಳು. ಕೋಶ ಎಂದರೆ ಮರಿಗಳು. ಮರಿಗಳೆಂದರೆ ಗೂಡು. ಇದು ನಿನ್ನೆ ಮೊನ್ನೆಯ ಗೂಡಲ್ಲ. ನಲವತ್ತು ದಿನದಲ್ಲಿ ಯಾವ ಮರವೂ ಹೀಗೆ ಕೊಳೆಯುವುದಿಲ್ಲ. ಬಡಿದಾಗಲೇ ಇತ್ತು.

ಕೊರೆದು ನೋಡಲು ಬೈರಿಗೆ ಬೇಕು. ಗಟ್ಟಿ ಎಂದು ಬರೆದ ಮರಕ್ಕೆ ಬೈರಿಗೆ ಹಾಕಬೇಕಾದರೆ ದಾಖಲೆಯಲ್ಲಿ ಕಾರಣ ಬರೆಯಬೇಕು, ಏಕೆಂದರೆ ಕೊರೆತವೂ ಮರಕ್ಕೆ ಗಾಯವೇ. ಎಂಟು ದಿನದಿಂದ ಅವನು ಒಂದು ಕಾರಣವನ್ನು ಒಳಗೊಳಗೇ ಸಾಕಿಕೊಂಡು ಬಂದಿದ್ದ: 'ಮರಕುಟಿಗದ ಆಹಾರ ಚಟುವಟಿಕೆಯಿಂದ ಹೊಸ ಕೀಟಬಾಧೆಯ ಅನುಮಾನ.' ಒಳ್ಳೆಯ ವಾಕ್ಯ. ಇದರಲ್ಲಿ ಯಾರ ತಪ್ಪೂ ಇಲ್ಲ. ಸಾಹೇಬರು ಭೇಷ್ ಅಂದಾರು. ಅವನ ಕಿವಿ ವಿಭಾಗದ ಹೆಮ್ಮೆಯಾಗಿ ಉಳಿದೀತು, ನಾಳೆ ಇನ್ನೊಂದು ಮರ, ನಾಡಿದ್ದು ಶಾಲೆಯೊಂದರ ಮರ, ಅವಳ ಹುಬ್ಬು, ಅವನ ಕೂಗು. ಆ ವಾಕ್ಯದ ಹೊಸ ಎಂಬ ಪದದ ಮೇಲೆ ಅವನ ಮನಸ್ಸು ಪ್ರತಿ ಸಲ ಎಡವುತ್ತಿತ್ತು. ಕೂತಿತು ಎಂಬುದನ್ನು ತಿದ್ದಿದವನು ಅದನ್ನು ಹೇಗೆ ಬಿಟ್ಟಾನು?

ಫೋನಿನಲ್ಲಿ ಮಾತಾಡುವುದನ್ನು ಅವನು ಯಾವತ್ತೋ ನಿಲ್ಲಿಸಿದ್ದ. ಬರೆಯುವಾಕೆಗೆ ಸಂದೇಶ ಕಳಿಸಿದ: 'ಇಪ್ಪತ್ತೇಳನೇ ಮರ. ದಾಖಲೆ ಪುಸ್ತಕ, ಉದ್ದ ಬೈರಿಗೆ, ಹಗ್ಗ.' ಫೋನನ್ನು ಜೇಬಿಗೆ ಹಾಕುವ ಮೊದಲೇ ಉತ್ತರ ಬಂತು: 'ಹೊರಟೆ.' ಯಾಕೆ ಏನು ಎಂದು ಕೇಳಿರಲಿಲ್ಲ. ನಲವತ್ತು ದಿನದಿಂದ ಚಪ್ಪಲಿ ಮೆಟ್ಟಿಕೊಂಡೇ ಕೂತವಳ ಹಾಗೆ.

ಬೆಂಚಿಗೆ ಬಂದು ಅಕ್ಕನ ತೋಳು ಹಿಡಿದ. "ಏಳು."

"ಇನ್ನೇನು ಪರದೆ ಅಲ್ಲಾಡಿಸೋ ಹೊತ್ತು ಕಣೋ. ಕಾಣ್ದೆ ಇದ್ರೆ ಹುಡುಗಿ ಗಾಬರಿ ಬೀಳ್ತಾಳೆ."

"ಅಕ್ಕ, ಈ ಮರ ಒಳಗೆ ಟೊಳ್ಳು."

"ನೀನೇ ಅಲ್ವಾ ಬಿಲ್ಲೆ ಹೊಡೆದಿರೋದು? ಇಪ್ಪತ್ತೇಳು ಅಂತ? ಪಕ್ಕದ ಹಾಸಿಗೆಯವಳ ಗಂಡಂಗೂ ಹೇಳಿದ್ದೀನಿ, ಕೂತ್ಕೊಳಪ್ಪ ಧೈರ್ಯವಾಗಿ, ನನ್ನ ತಮ್ಮ ನೋಡಿರೋ ಮರ ಇದು ಅಂತ."

ಗಾಳಿ ಇನ್ನೊಮ್ಮೆ ಬೀಸಿತು. ಮೇಲಿನ ಕೊಂಬೆ ನಿಧಾನವಾಗಿ ಕೆಳಗೆ ಬಂದು, ಅವನ ಉಸಿರಿನ ಜೊತೆಗೇ ತಡೆದು, ಮೇಲೆ ಹೋಯಿತು. ಅದು ಕಿರುಗುಟ್ಟಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅಕ್ಕ ಮಾತ್ರ ತಟ್ಟನೆ ತಲೆಯೆತ್ತಿದಳು. ಅಂದರೆ ಕಿರುಗುಟ್ಟಿತ್ತು. ಇಷ್ಟು ದಿನವೂ ಅದು ಕಿರುಗುಟ್ಟುತ್ತಿತ್ತೇನೋ, ಎಲ್ಲರಿಗೂ ಕೇಳುತ್ತಿತ್ತೇನೋ, ಮರದ ಡಾಕ್ಟ್ರು ಪಕ್ಕದಲ್ಲೇ ಕೂತಿದ್ದಾನಲ್ಲ ಎಂದು ಸುಮ್ಮನಿದ್ದರೇನೋ.

"ನಂಗೆ ಕಿವಿ ಕೇಳ್ಸಲ್ಲ ಅಕ್ಕ. ಮೂರು ವರ್ಷ ಆಯ್ತು. ಸುಮ್ನೆ ಬಡಿದೆ. ಸುಮ್ನೆ ಗಟ್ಟಿ ಅಂದೆ."

ಅಕ್ಕ ಅವನನ್ನೇ ನೋಡಿದಳು. ಹೆಣಿಗೆಯ ಕಡ್ಡಿ ಅವಳ ಕೈಯಲ್ಲಿ ಅರ್ಧಕ್ಕೆ ನಿಂತಿತ್ತು. "ಮೂರು ಸಲ ಕೂಗಿದ್ರೆ ಒಂದು ಸಲ ತಿರುಗ್ತಿದ್ದೆ," ಅಂದಳು. "ಸಂಬಳ ಜಾಸ್ತಿ ಆಯ್ತು, ಸೊಕ್ಕು ಬಂತು ಅಂದ್ಕೊಂಡಿದ್ದೆ ಕಣೋ." ಆಮೇಲೆ ಎದ್ದಳು. ಎದ್ದವಳು ಡಬ್ಬಿ ತೆಗೆದುಕೊಳ್ಳಲಿಲ್ಲ, ಉಣ್ಣೆ ತೆಗೆದುಕೊಳ್ಳಲಿಲ್ಲ, ಅರ್ಧ ಅಂಗಿಯನ್ನು ಮಾತ್ರ ಎದೆಗೆ ಒತ್ತಿಕೊಂಡು ಔಷಧಿ ಅಂಗಡಿಯ ಕಡೆಗೆ ಬೇಗ ಬೇಗ ನಡೆದಳು. ನಡುವೆ ಒಮ್ಮೆ ನಿಂತು, ಹಿಂದೆ ತಿರುಗಿ, ಎರಡನೇ ಮಹಡಿಗೆ ಕೈ ಬೀಸಿದಳು. ಕಿಟಕಿಯ ಪರದೆ ಹಾಗೇ ಇತ್ತು.

ಬರೆಯುವಾಕೆ ಬಂದಾಗ ಹನ್ನೊಂದು ಐವತ್ತೈದು. ಕಾವಲುಗಾರನಿಗೆ ಹಗ್ಗ ಕೊಟ್ಟು, ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಎಂದು ಕೈಸನ್ನೆಯಲ್ಲೇ ತೋರಿಸಿದಳು. ಅಲ್ಲಲ್ಲಿ ನಿಂತಿದ್ದವರು ಗೊಣಗುತ್ತ ಸರಿದರು. ಅವಳು ಅವನ ಬಲಗಡೆಗೆ ಬಂದು, ಮುಖ ಎದುರಾಗುವಂತೆ ನಿಂತು, ತುಟಿಗಳನ್ನು ಸ್ಪಷ್ಟವಾಗಿ ಆಡಿಸುತ್ತ ಮಾತಾಡಿದಳು. ಎರಡು ವರ್ಷದಿಂದಲೂ ಅವಳು ಹೀಗೆಯೇ ನಿಂತು ಮಾತಾಡುತ್ತಿದ್ದಳು ಎಂಬುದು ಅವನಿಗೆ ಈಗ ಹೊಳೆಯಿತು.

"ನಿಂಗೆ ಗೊತ್ತಿತ್ತು," ಅಂದ ಅವನು.

"ಹುಬ್ಬು ತಾನಾಗೇ ಏರುತ್ತಾ ಸಾರ್? ಅದೂ ಒಂದೇ ಹುಬ್ಬು?" ಅವಳು ನಗಲಿಲ್ಲ. "ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೀನಿ ನಾನು. ನಮ್ಮ ಅಪ್ಪಂಗೂ ಕೇಳ್ಸಲ್ಲ. ಕೇಳ್ಸಲ್ಲ ಅಂತ ಅಂದ್ರೆ ಹೊಡೆಯೋಕೆ ಬರ್ತಿದ್ರು."

"ಆವತ್ತು?"

ಅವಳು ಮರ ನೋಡಿದಳು. "ಆವತ್ತು ಏರಿಸ್ಲಿಲ್ಲ. ಡಬ್ಬ ಬಡಿದಂಗೆ ಕೇಳಿಸ್ತು ಸಾರ್ ನಂಗೆ. ಕಿವಿ ನಿಮ್ದು, ಪೆನ್ನು ನಂದು ಅಂದಿದ್ರಲ್ಲ. ಇನ್ನೊಂದ್ಸಲ ಬಡೀತೀರಿ, ಏನಮ್ಮ ಅಂತ ಒಂದು ಮಾತು ಕೇಳ್ತೀರಿ ಅಂತ ನಿಂತಿದ್ದೆ. ನೀವು ಗಟ್ಟಿ ಅಂದ್ರಿ. ನಾನು ಬರೆದೆ." ಬೈರಿಗೆಯನ್ನು ನೆಲಕ್ಕಿಳಿಸಿದಳು. "ಆಮೇಲೆ ಈ ರಸ್ತೇಲಿ ಬಸ್ ಬಂದ್ರೆ ನಾನು ಆ ಕಡೆ ಕಿಟಕೀಲಿ ಕೂತ್ಕೊಳ್ತೀನಿ. ನೋಡೋಕಾಗಲ್ಲ. ಗಾಳಿ ಬಂದ್ರೆ ಊಟ ಸೇರಲ್ಲ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಕತ್ತಲ ಕೋಣೆಯಲ್ಲಿ ಒಬ್ಬನೇ ಹೆದರಿ ಕೂತವನಿಗೆ ಇನ್ನೊಂದು ಮೂಲೆಯಲ್ಲಿ ಉಸಿರಾಡುತ್ತಿರುವವರು ಇದ್ದಾರೆಂದು ತಿಳಿದಾಗ ಆಗುವಂಥದ್ದು. ಅದರಿಂದ ಹೆದರಿಕೆ ಕಡಿಮೆಯಾಗುವುದಿಲ್ಲ.

ಅವಳು ಪುಸ್ತಕ ಬಿಡಿಸಿ ಇಪ್ಪತ್ತೇಳನೇ ಸಾಲಿಗೆ ಬೆರಳಿಟ್ಟಳು. "ಕಾರಣ ಏನಂತ ಬರೀಲಿ?"

ಕಾಂಡದ ಆಚೆ ಮಗ್ಗುಲಿಂದ ಕೆಂಪು ಜುಟ್ಟು ಇಣುಕಿತು, ಮರೆಯಾಯಿತು. ಒಳ್ಳೆಯ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು.

"ಬಡಿದವನಿಗೆ ಕಿವಿ ಕೇಳಿಸೋದಿಲ್ಲ, ಅಂತ ಬರಿ."

ಅವಳು ಬರೆಯತೊಡಗಿದಳು. ಅವನು ಹೇಳಿದ್ದು ಮುಗಿದ ಮೇಲೂ ಬರೆಯುತ್ತಲೇ ಇದ್ದಳು, ಎರಡು ಸಾಲು, ಮೂರು ಸಾಲು. ಅವನು ಓದಲಿಲ್ಲ. ಬೈರಿಗೆ ಎತ್ತಿಕೊಂಡು ಮರದ ಉತ್ತರ ಮಗ್ಗುಲಿಗೆ, ಹಕ್ಕಿ ಮಾಡಿದ ತೂತಿನಿಂದ ಒಂದು ಗೇಣು ಕೆಳಗೆ, ತುದಿಯನ್ನು ಊರಿದ. ಈ ಕಾಂಡದ ತ್ರಿಜ್ಯ ನಲವತ್ತೈದು ಸೆಂಟಿಮೀಟರ್. ಅದರ ಮೂರನೇ ಒಂದು ಭಾಗ, ಹದಿನೈದು ಸೆಂಟಿಮೀಟರ್, ಗಟ್ಟಿ ಇದ್ದರೆ ಮರ ನಿಲ್ಲುತ್ತದೆ ಎಂಬುದು ವಿಭಾಗದ ನಿಯಮ. ಹದಿನೈದು ಇರಲಿ ಎಂದು ಅವನು ಬೇಡಿಕೊಂಡ, ಯಾರನ್ನು ಎಂದು ಗೊತ್ತಿಲ್ಲದೆ. ಹಿಡಿ ತಿರುಗಿಸಿದ. ಇದಕ್ಕೆ ಕಿವಿ ಬೇಕಿಲ್ಲ, ಅಂಗೈ ಸಾಕು. ಮೊದಲು ತೊಗಟೆಯ ಒರಟು. ಆಮೇಲೆ ಮರ, ಬಿಗಿಯಾಗಿ, ಕಚ್ಚಿ ಹಿಡಿಯುವ ಹಾಗೆ. ಬೆಳ್ಳಗಿನ ಪುಡಿ ಸುರುಳಿ ಸುರುಳಿಯಾಗಿ ಅವನ ಮಣಿಕಟ್ಟಿನ ಮೇಲೆ ಉದುರಿತು. ಆ ಬಿಳುಪು ನೋಡಿ ಒಂದು ಕ್ಷಣ ಅವನ ಕಣ್ಣು ಮಂಜಾಯಿತು. ಗಾಳಿ ಬಂತು. ಕಾಂಡಕ್ಕೆ ಒತ್ತಿದ್ದ ಭುಜಕ್ಕೆ ಇಡೀ ಮರ ಒಂದು ಕೂದಲಿನಷ್ಟು ಸರಿದು ಮತ್ತೆ ನೇರವಾದದ್ದು ತಿಳಿಯಿತು. ಬರೆಯುವಾಕೆ ಹಗ್ಗದ ಆಚೆಗೆ ಹೋಗಿರಲಿಲ್ಲ. ಅವನ ಬಲಗಡೆಯಲ್ಲೇ ನಿಂತಿದ್ದಳು, ಪೆನ್ನು ಹಿಡಿದು, ಮುಖ ಅವನ ಕಡೆಗೆ. ಪುಡಿಯ ಬಣ್ಣ ಬದಲಾಯಿತು. ತಿರುಗಿಸುತ್ತಿದ್ದ ಕೈ ಇದ್ದಕ್ಕಿದ್ದಂತೆ ಹಗುರಾಗಿ, ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತೆ ಬೈರಿಗೆ ಒಳಕ್ಕೆ ಜಾರಿತು. ಅವಳ ಎಡ ಹುಬ್ಬು ಏರಿತು. ತೂತಿನ ಬಾಯಿಂದ ಒಂದು ಇರುವೆ ಹೊರಗೆ ಬಂದು, ಬೈರಿಗೆಯ ಅಳತೆಯ ಗೀಟುಗಳ ಮೇಲೆ ಹತ್ತಿ, ಅವನ ಹೆಬ್ಬೆರಳಿನ ಕಡೆಗೆ ಬರತೊಡಗಿತು. ಅವನು ಹೆಬ್ಬೆರಳನ್ನು ತೊಗಟೆಗೆ ಒತ್ತಿ ಗೀಟು ಓದಿದ, ಮೂರು ಸಲ ಓದಿದ, ಆಮೇಲೆ ತನ್ನ ದನಿ ಎಷ್ಟು ಜೋರಿದೆ ಎಂದು ತಿಳಿಯದೆಯೇ ಕೂಗಿ ಹೇಳಿದ.

ಗಟ್ಟಿ ಮರ, ಐದೂವರೆ ಸೆಂಟಿಮೀಟರ್.